ಮಹದೇವಮ್ಮ ತುಂಬಿದ ಮಡಿಲು

ಕೊಳ್ಳೇಗಾಲದ ನಮ್ಮ ನೇಕಾರರ ಬೀದಿಗೆ ಹೊಸಬರು ಯಾರೇ ಬರಲಿ, ಕೊಟ್ಟ ಕಾಫಿ ಆರುವುದರೊಳಗೆ ಅವರ ಊರು, ಮನೆದೇವರು, ತವರು, ಅತ್ತೆಯ ಬಾಯಿ ಎಂಥದ್ದು ಎಂಬುದನ್ನೆಲ್ಲ ಕೆದಕಿ ತೆಗೆಯುವ ಹೆಂಗಸು ಒಬ್ಬಳಿದ್ದಾಳೆ. ಅವಳೇ ಮಹದೇವಮ್ಮ. ಅವಳ ಮನೆಗೂ ನನ್ನ ಮನೆಗೂ ಒಂದೇ ಗೋಡೆ. ಅವಳ ಗಂಡ ಸುಬ್ಬಯ್ಯ ರೇಷ್ಮೆ ಸೀರೆ ನೇಯುವವನು, ನಾನು ಸೀರೆಯ ಸೆರಗಿಗೆ ಕುಚ್ಚು ಕಟ್ಟುವವಳು. ಹಾಗಾಗಿ ದಿನಕ್ಕೊಂದು ಸಲವಾದರೂ ಒಬ್ಬರ ಹೊಸಿಲು ಇನ್ನೊಬ್ಬರು ತುಳಿಯದೆ ನಮಗೆ ಗತಿಯಿಲ್ಲ. ಸುಬ್ಬಯ್ಯನ ಬಾಯಿಂದ ಮಾತು ಹೊರಡುವುದು ಅಪರೂಪ. ಆ ಮನೆಯ ಪಾಲಿನ ಮಾತನ್ನೆಲ್ಲ ದೇವರು ಹೆಂಡತಿಗೇ ಹಂಚಿಬಿಟ್ಟಿದ್ದಾನೆ ಎಂದು ನಾವೆಲ್ಲ ಅವಳನ್ನು ರೇಗಿಸುತ್ತಿದ್ದೆವು. ಈಗ ರೇಗಿಸುವುದಿಲ್ಲ.

ಮಾತು ಎಷ್ಟಿದ್ದರೂ ಅವಳ ಕೈಕೆಲಸವನ್ನು ಯಾರೂ ಆಡಿಕೊಳ್ಳುವಂತಿರಲಿಲ್ಲ. ಮಗ್ಗದಲ್ಲಿ ಉದ್ದೆಳೆಗಳ ಒಂದು ಹಾಸು ಮುಗಿದು ಹೊಸ ಹಾಸು ಬಂದಾಗ, ಹಳೆಯದರ ಒಂದೊಂದು ಎಳೆಯ ತುದಿಗೂ ಹೊಸದರ ಒಂದೊಂದು ಎಳೆಯನ್ನು ಬೂದಿ ಮುಟ್ಟಿದ ಬೆರಳಿನಿಂದ ಹೊಸೆದು ಕೂಡಿಸಬೇಕು. ಸಾವಿರಾರು ಎಳೆ. ಗಂಟು ಬಿದ್ದರೆ ಸೀರೆ ಕೆಟ್ಟಿತು, ಸಡಿಲವಾದರೆ ಮಗ್ಗದಲ್ಲಿ ಪಟಪಟನೆ ಹರಿಯಿತು. ಎರಡು ಮೂರು ಹೆಂಗಸರು ಸಾಲಾಗಿ ಕೂತು ದಿನಗಟ್ಟಲೆ ಮಾಡುವ ಕೆಲಸ ಅದು. ಕೈ ಹಾಸಿನ ಮೇಲಿರುವಾಗ ಬಾಯಿಗೆ ಬಿಡುವು, ಆದ್ದರಿಂದ ಬೀದಿಯ ಹೆಂಗಸರ ಸುಖದುಃಖವೆಲ್ಲ ಹೊರಬೀಳುವುದು ಅಲ್ಲೇ. ಅಲ್ಲಿ ಆಡಿದ್ದನ್ನು ಹೊರಗೆ ಒಯ್ಯಬಾರದು ಎಂಬುದು ನಮ್ಮಲ್ಲಿ ನಡೆದುಬಂದ ರೀತಿ. ಇಷ್ಟು ಬಾಯಿಬಡುಕಿ ಮಹದೇವಮ್ಮ ಕೂಡ ಆ ಒಂದು ರೀತಿಯನ್ನು ಅಲ್ಲಿಯವರೆಗೆ ಎಂದೂ ಮುರಿದಿರಲಿಲ್ಲ. ಅದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ.

ಅವಳ ಕಣ್ಣಿಗೆ ಪೊರೆ ಬರತೊಡಗಿದ ವರ್ಷವೇ ಕವಿತ ಬಂದಳು. ಗಂಡ ದೇವರಾಜು ಮನೆಗಳಿಗೆ ಬಣ್ಣ ಹೊಡೆಯುವವನು. ಇಬ್ಬರೂ ಮಹದೇವಮ್ಮನ ಹಿತ್ತಲ ಕೋಣೆಗೆ ಬಾಡಿಗೆಗೆ ಸೇರಿದರು. ಮಾತು ತಮಿಳು. ನಮ್ಮ ಬೀದಿಯಲ್ಲಿ ಅದೇನೂ ದೊಡ್ಡ ವಿಷಯವಲ್ಲ, ಅರ್ಧ ಜನಕ್ಕೆ ತಮಿಳು ಬರುತ್ತದೆ, ಇನ್ನರ್ಧ ಜನಕ್ಕೆ ಬೈಯುವಷ್ಟಾದರೂ ಬರುತ್ತದೆ. ಊರು ಯಾವುದೆಂದರೆ ಮೆಟ್ಟೂರಿನ ಕಡೆ ಎಂದಳು. ಮನೆದೇವರು, ತವರು ಎಂದು ಮಹದೇವಮ್ಮ ಕೆದಕಿದರೆ ನಕ್ಕು ಸುಮ್ಮನಾದಳು. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಎಂದು ಮಹದೇವಮ್ಮ ಕಾದಳು. ಹುಡುಗಿ ನೀರಿಗೂ ಬಂದಳು, ಎದುರು ಮನೆಯ ಶಿವನಂಜಮ್ಮನ ಜೊತೆ ನಲ್ಲಿಯ ಹತ್ತಿರ ಜಗಳವನ್ನೂ ಆಡಿದಳು, ಆದರೆ ತವರಿನ ಮಾತನ್ನು ಮಾತ್ರ ಆಡಲಿಲ್ಲ.

ಒಂದು ದಿನ ಹಾಸಿನ ಮುಂದೆ ಕೂತ ಮಹದೇವಮ್ಮನಿಗೆ ಎಳೆ ಕಾಣದೆ ಕಣ್ಣಲ್ಲಿ ನೀರು ಬಂತು. ಬಾಗಿಲಲ್ಲಿ ನಿಂತಿದ್ದ ಕವಿತ ತಾನೇ ಬಂದು ಪಕ್ಕದಲ್ಲಿ ಕೂತು, ಬೆರಳಿಗೆ ಬೂದಿ ಮುಟ್ಟಿಸಿಕೊಂಡಳು. ಮೊದಲ ದಿನ ಹೊಸೆದದ್ದೆಲ್ಲ ಬಿಚ್ಚಿಕೊಂಡಿತು. ಮಹದೇವಮ್ಮ ಬೈದಳು, ತಲೆಯ ಮೇಲೆ ಒಂದು ಮೊಟಕಿದಳು, ಮತ್ತೆ ಕೈ ಹಿಡಿದು ಕಲಿಸಿದಳು. ಮೂರನೆಯ ಹಾಸಿನ ಹೊತ್ತಿಗೆ ಅರ್ಧ ಕೆಲಸ ಅವಳದೇ. ಮಹದೇವಮ್ಮನ ಮಗಳು ಮೇಘನಾಗೆ ಈ ಕೆಲಸವೆಂದರೆ ಆಗದು. ಅವಳು ಪೊಲೀಸ್ ಕಾನ್‌ಸ್ಟೇಬಲ್ ಪರೀಕ್ಷೆಗೆ ಓದುತ್ತ, ಬೆಳಗ್ಗೆ ಎದ್ದು ಮೈದಾನದಲ್ಲಿ ಓಡುತ್ತಿದ್ದಳು. ತಾನು ಹೆತ್ತವಳು ಓಡ್ತಾಳೆ, ಯಾರೋ ಹೆತ್ತವಳು ಕೂಡಿಸ್ತಾಳೆ ಎಂದು ಮಹದೇವಮ್ಮ ಹೇಳುತ್ತಿದ್ದಾಗ ಅವಳ ಮುಖದಲ್ಲಿ ದೂರಿಗಿಂತ ಜಂಬವೇ ಹೆಚ್ಚಾಗಿ ಕಾಣುತ್ತಿತ್ತು.

ತಿಂಗಳಿಗೊಮ್ಮೆ ಗಂಡಹೆಂಡಿರು ತಮಿಳುನಾಡಿನ ಗಡಿಯ ಪಾಲಾರ್ ದಾಟಿ ಹೋಗುವ ಬಸ್ಸು ಹತ್ತಿ ಎಲ್ಲಿಗೋ ಹೋಗಿ ಬರುತ್ತಿದ್ದರು. ಎಲ್ಲಿಗೆ ಎಂಬುದು ಬೀದಿಗೆ ತಿಳಿಯಲಿಲ್ಲ. ತಿಳಿದದ್ದು ಕವಿತ ಬಸುರಾದ ಮೇಲೆ, ಅದೂ ಮಹದೇವಮ್ಮನಿಗೆ ಒಬ್ಬಳಿಗೇ.

ಏಳು ತಿಂಗಳು ತುಂಬಿದಾಗ ಚೊಚ್ಚಲ ಹೆರಿಗೆಗೆ ತವರಿಗೆ ಹೋಗಬೇಕಾದ ಹುಡುಗಿ ಹೋಗುವ ಸುದ್ದಿಯನ್ನೇ ಎತ್ತಲಿಲ್ಲ. ಮಹದೇವಮ್ಮನಿಗೆ ತಡೆಯಲಾಗಲಿಲ್ಲ. ಬಳೆಗಾರನನ್ನು ಕರೆಸಿ ಎರಡು ಕೈ ತುಂಬ ಹಸಿರು ಬಳೆ ತೊಡಿಸಿದಳು, ಬೀದಿಯ ಮುತ್ತೈದೆಯರನ್ನು ಕೂರಿಸಿದಳು, ಅಕ್ಕಿ, ಬೆಲ್ಲ, ಕೊಬ್ಬರಿ, ಎಲೆಯಡಿಕೆ, ರವಿಕೆಬಟ್ಟೆ ಇಟ್ಟು ಅವಳ ಮಡಿಲು ತುಂಬಿದಳು. ನಮ್ಮಲ್ಲಿ ಮಡಿಲು ತುಂಬುವುದು ಹುಡುಗಾಟವಲ್ಲ. ತವರಿಲ್ಲದ ಹೆಣ್ಣಿಗೆ ಒಬ್ಬಳು ಮಡಿಲಕ್ಕಿ ಹಾಕಿದಳೆಂದರೆ ಅಂದಿನಿಂದ ಆ ಮನೆಯೇ ಅವಳಿಗೆ ತವರು. ಬಾಣಂತನ ಅಲ್ಲಿ, ಗೌರಿಹಬ್ಬದ ಬಾಗಿನ ಅಲ್ಲಿಂದ. ಮುಂದೆ ಯಾರಾದರೂ ಕೇಳಿದರೆ ಮಗಳು ಎಂದೇ ಹೇಳಬೇಕು, ಹಾಗೆ ಹೇಳಿದರೆ ಅದು ಸುಳ್ಳಲ್ಲ. ಇದನ್ನು ಮಹದೇವಮ್ಮ ಹತ್ತು ಹೆಂಗಸರ ಎದುರು, ಅರಿಶಿನ ಕುಂಕುಮದ ಮುಂದೆ ಬಾಯಿಬಿಟ್ಟು ಆಡಿದಳು.

"ಇನ್ಮ್ಯಾಕೆ ಇದೇ ನಿನ್ ತವ್ರು ಕಣವ್ವ. ಕಾಮಗೆರೆ ಆಸ್ಪತ್ರೇಲಿ ಎರಿಗೆ, ನನ್ ಮನೇಲಿ ಬಾಣಂತನ."

ಆ ಹುಡುಗಿ ಅತ್ತದ್ದನ್ನು ನಾನು ಕಣ್ಣಾರೆ ಕಂಡೆ. ಮಾರನೆಯ ದಿನ ಹಾಸಿನ ಮುಂದೆ ಇಬ್ಬರೇ ಇದ್ದಾಗ ಅವಳು ಎಲ್ಲವನ್ನೂ ಹೇಳಿದಳಂತೆ. ಅವಳ ಅಪ್ಪ ಅಮ್ಮ ಲಂಕೆಯ ಯುದ್ಧಕ್ಕೆ ಹೆದರಿ ದೋಣಿಯಲ್ಲಿ ಬಂದವರು. ಇವಳು ಹುಟ್ಟಿದ್ದು, ಓದಿದ್ದು, ಮದುವೆಯಾದದ್ದು ಎಲ್ಲ ಮೆಟ್ಟೂರಿನಿಂದಾಚೆಯ ನಿರಾಶ್ರಿತರ ಕ್ಯಾಂಪಿನಲ್ಲಿ. ತವರೆಂದರೆ ತಾಯಿ ಇರುವ ಆ ಕ್ಯಾಂಪೇ. ಈ ನೆಲದಲ್ಲೇ ಹುಟ್ಟಿದರೂ ಈ ದೇಶದವಳಲ್ಲ. ಕಣ್ಣಾರೆ ನೋಡದ ಲಂಕೆಯವಳು ಎಂದು ಕಾಗದ ಹೇಳುತ್ತದೆ. ಬೇರೆ ಬೇರೆ ದೇಶದಿಂದ ಬಂದವರಿಗೆ ಬೇರೆ ಬೇರೆ ಕಾನೂನಂತೆ, ಕೆಲವರಿಗೆ ಭೂಮಿ, ಕೆಲವರಿಗೆ ಪೌರತ್ವ, ತಮಗೆ ತಿಂಗಳ ತಲೆ ಎಣಿಕೆ. ಆ ಎಣಿಕೆಗೆ ಹಾಜರಾಗಲೆಂದೇ ಬಸ್ಸು ಹತ್ತುತ್ತಿದ್ದರು. ಹೇಳದೆ ಕೇಳದೆ ಹೊರಗೆ ಮನೆ ಮಾಡಿಕೊಂಡಿರುವಂತಿಲ್ಲ, ಆದರೆ ಗೋಡೆಗೆ ಬಣ್ಣ ಹೊಡೆಯುವ ಕೆಲಸ ಕ್ಯಾಂಪಿನೊಳಗೆ ಎಲ್ಲಿ ಸಿಗುತ್ತದೆ? ಇದಿಷ್ಟನ್ನೂ ಮಗಳು ತಾಯಿಗೆ ಹೇಳಿದ ಹಾಗೆ ಹೇಳಿದಳು. ಮಹದೇವಮ್ಮ ಅವಳ ಕಣ್ಣೊರೆಸಿ, ಇದು ಈ ಹಾಸಿನಿಂದಾಚೆ ಹೋಗುವುದಿಲ್ಲ ಎಂದಳು.

ಆ ಮಾತನ್ನು ಅವಳು ಉಳಿಸಿಕೊಳ್ಳುತ್ತಿದ್ದಳು ಎಂದೇ ನನ್ನ ನಂಬಿಕೆ. ಆದರೆ ಸುತ್ತಲಿನ ಗಾಳಿ ಬೇರೆಯೇ ಇತ್ತು. ನಮ್ಮ ಸೀಮೆಗೆ ಹೊರದೇಶದವರು ಹೊಸಬರಲ್ಲ. ಹನೂರಿನಾಚೆ ಒಡೆಯರಪಾಳ್ಯದಲ್ಲಿ ಟಿಬೆಟ್‌ನವರು ನಮ್ಮಪ್ಪಂದಿರ ಕಾಲದಿಂದ ಇದ್ದಾರೆ. ಚಳಿಗೆ ಅವರ ಸ್ವೆಟರ್ ಬೇಕು, ಗುತ್ತಿಗೆಗೆ ಅವರ ಜೋಳದ ಹೊಲ ಬೇಕು. ಅದೇ ಜನ ಟೀ ಅಂಗಡಿಯಲ್ಲಿ ಕೂತರೆ, ನಮ್ಮ ಮಕ್ಕಳಿಗಿಲ್ಲದ ಭೂಮಿ ಅವರಿಗೇಕೆ ಎಂದು ಮೀಸೆ ತಿರುವುತ್ತಾರೆ. ಮಹದೇವಮ್ಮನ ಮಗ ನಿರಂಜನ್ ಸೀರೆಗಳನ್ನು ವ್ಯಾಪಾರಿಗಳಿಗೆ ತಲುಪಿಸುವವನು, ಕೈಯಲ್ಲಿ ಸದಾ ಫೋನು. ನುಸುಳಿ ಬಂದವರು, ದೇಶ ತಿನ್ನುವವರು ಎಂದು ಬರುವ ಸಂದೇಶಗಳನ್ನೆಲ್ಲ ಊಟಕ್ಕೆ ಕೂತಾಗ ಉಪ್ಪಿನಕಾಯಿಯ ಜೊತೆಗೆ ಅವನು ಓದಿ ಹೇಳುತ್ತಿದ್ದ. ಹೊರದೇಶದವರನ್ನು ಇಟ್ಟುಕೊಂಡರೆ ಮನೆಯವರ ಮೇಲೂ ಕೇಸು ಹಾಕುತ್ತಾರೆ ಎಂದು ಒಂದು ದಿನ ಓದಿದ. ಹಿತ್ತಲ ಕೋಣೆಯವರು ಯಾರೆಂಬುದು ಪಾಪ, ಅವನಿಗೆ ಗೊತ್ತೇ ಇರಲಿಲ್ಲ. ಗೊತ್ತಿದ್ದವಳು ತಟ್ಟೆಯನ್ನು ಅರ್ಧಕ್ಕೇ ಬಿಟ್ಟು ಎದ್ದಳು.

ಅದೇ ವಾರ ಮೇಘನಾ ಪರೀಕ್ಷೆಯಲ್ಲಿ ಪಾಸಾದ ಸುದ್ದಿ ಬಂತು. ನೇಮಕಕ್ಕೆ ಮೊದಲು ಸ್ಟೇಷನ್‌ನಿಂದ ಮನೆಗೆ ಬಂದು ವಿಚಾರಿಸುತ್ತಾರೆ, ಮನೆಯ ಮೇಲೆ ಒಂದು ಚುಕ್ಕೆ ಇದ್ದರೂ ಕೆಲಸ ಹೋಯಿತು ಎಂದು ಯಾರೋ ಹೇಳಿದರು. ನಮ್ಮ ಬೀದಿಯಲ್ಲಿ ಹುಟ್ಟಿದ ಹೆಣ್ಣೊಬ್ಬಳು ಸರ್ಕಾರಿ ಬಟ್ಟೆ ತೊಡುವುದು ಅದೇ ಮೊದಲು. ಮಹದೇವಮ್ಮನಿಗೆ ದಿಗಿಲು ಹತ್ತಿತು. ಯಾರಿಗೂ ಹೇಳಲಿಲ್ಲ, ಕವಿತಳಿಗೆ ಬೇರೆ ಕಡೆ ಹೋಗು ಎಂದು ಹೇಳಲೂ ಬಾಯಿ ಬರಲಿಲ್ಲ. ಮಡಿಲು ತುಂಬಿ ಮಗಳೆಂದ ಬಾಯಿ ಅದು.

ವಿಚಾರಣೆಗೆ ಬಂದವರು ಹೆಡ್ ಕಾನ್‌ಸ್ಟೇಬಲ್ ರಾಜಣ್ಣ. ನಿವೃತ್ತಿಗೆ ಹತ್ತಿರವಾದ, ಮೆತ್ತಗೆ ಮಾತಾಡುವ ಮನುಷ್ಯ. ಜಗುಲಿಯ ಕುರ್ಚಿಯಲ್ಲಿ ಕೂತು ಹುಡುಗಿ ಓದಿದ್ದೆಲ್ಲಿ, ಮನೆಯಲ್ಲಿ ಏನಾದರೂ ಕೇಸು ಇದೆಯೇ ಎಂದು ಕೇಳಿ ಬರೆದುಕೊಂಡರು. ಒಳಗೆ ಸುಬ್ಬಯ್ಯನ ಮಗ್ಗ ನಡೆಯುತ್ತಿತ್ತು. ಮಹದೇವಮ್ಮ ಕುರ್ಚಿಯ ಬಳಿಯಿಂದ ಕದಲದ್ದನ್ನು ನೋಡಿ ಕವಿತಳೇ ಕಾಫಿ ತಂದಿಟ್ಟು, ಬಳೆ ತುಂಬಿದ ಕೈಯಿಂದ ಸೊಂಟ ಹಿಡಿದುಕೊಂಡು ಹಿತ್ತಲಿಗೆ ಹೋದಳು. ರಾಜಣ್ಣನವರು ಅವಳು ಹೋದ ಕಡೆ ನೋಡಿ, ಕಾಫಿ ಕುಡಿಯುತ್ತ, ಮಾತಿಗೊಂದು ಮಾತು ಎಂಬಂತೆ ಕೇಳಿದರು.

"ಇವ್ಳೂ ನಿಮ್ ಮಗಳೇನಮ್ಮ? ಎರಿಗೆಗೆ ಬಂದವ್ಳಾ?"

ಹೂಂ ಎಂದಿದ್ದರೆ ಮುಗಿದಿತ್ತು. ನಮ್ಮ ರೀತಿಯಲ್ಲಿ ಅದು ಸುಳ್ಳೂ ಆಗುತ್ತಿರಲಿಲ್ಲ. ಹತ್ತು ಜನರ ಎದುರು ಅವಳೇ ಆಡಿದ ಮಾತು. ಆದರೆ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ಭಯದ್ದು. ಪೊಲೀಸಿನವರಿಗೆ ಎಲ್ಲ ತಿಳಿದಿದೆ, ತನ್ನನ್ನು ಪರೀಕ್ಷೆ ಮಾಡಲೆಂದೇ ಕೇಳುತ್ತಿದ್ದಾರೆ ಎಂದು ಅವಳಿಗೆ ಅನ್ನಿಸಿಬಿಟ್ಟಿತು.

"ಇಲ್ಲ ಸಾ, ಅವ್ರು ನಮ್ಮೋರಲ್ಲ. ಲಂಕೆಯೋರು, ಮೆಟ್ಟೂರ್ ಕಡೆ ಕ್ಯಾಂಪ್‌ನಿಂದ ಬಂದವ್ರೆ. ನಮ್ಗೂ ಅವ್ರ್ಗೂ ಏನೂ ಸಂಬಂಧ ಇಲ್ಲ."

ಒಳಗೆ ಮಗ್ಗ ನಿಂತಿತು. ರಾಜಣ್ಣನವರು ಲೋಟ ಕೆಳಗಿಟ್ಟರಂತೆ.

"ನಾನು ನಿಮ್ ಮಗಳ್ ವಿಚಾರ್ಕೆ ಬಂದಿದ್ದು ಕಣಮ್ಮ. ನೀವು ಯೋಳ್ದೆ ಓಗಿದ್ರೆ ನನ್ಗೆ ಬೇಕಾಗೂ ಇರ್ನಿಲ್ಲ. ಈಗ ಕಿವಿಗೆ ಬಿದ್ದೋಯ್ತು. ಬುಟ್ರೆ ನನ್ ತಲೆಗ್ ಬತ್ತದೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮಾರನೆಯ ದಿನ ಗಂಡಹೆಂಡಿರನ್ನು ಸ್ಟೇಷನ್ನಿಗೆ ಕರೆಸಿದರು. ಯಾರೂ ಬೈಯಲಿಲ್ಲ, ಕೈ ಮಾಡಲಿಲ್ಲ. ಕ್ಯಾಂಪಿನ ಅಧಿಕಾರಿಗಳಿಗೆ ಫೋನು ಹೋಯಿತು, ಕೂಡಲೇ ಹಿಂದಿರುಗಬೇಕು ಎಂದಾಯಿತು. ಎಂಟು ತಿಂಗಳು ನಡೆಯುತ್ತಿದ್ದ ಬಸುರಿ ಮಾದಪ್ಪನ ಬೆಟ್ಟದ ತಿರುವುಗಳಲ್ಲಿ ಬಸ್ಸಿನಲ್ಲಿ ಹೋಗಬೇಕಾಯಿತು. ಹೊರಡುವಾಗ ಮಹದೇವಮ್ಮ ಮೊಸರನ್ನ ಕಟ್ಟಿಕೊಟ್ಟಳು, ಮುಡಿಗೆ ಹೂ ಮುಡಿಸಿದಳು. ಕವಿತ ಕಷ್ಟದಿಂದ ಬಗ್ಗಿ ಅವಳ ಕಾಲು ಮುಟ್ಟಿ, ತಮ್ಮಿಂದ ಮೇಘನಾಳ ಕೆಲಸಕ್ಕೆ ತೊಂದರೆ ಆಗಲಿಲ್ಲ ತಾನೇ ಎಂದು ಕೇಳಿದಳು. ಆಗಲಿಲ್ಲ ಎಂದು ಮಹದೇವಮ್ಮ ತಲೆಯಾಡಿಸಿದಳು. ಅದೊಂದು ನಿಜ.

ಪೊಲೀಸರಿಗೆ ಹೇಳಿದವರು ಯಾರು ಎಂದು ಬೀದಿಯೆಲ್ಲ ಮಾತಾಡಿತು. ನಲ್ಲಿಯ ಜಗಳ ನೆನಪಿದ್ದುದರಿಂದ ಎಲ್ಲರ ಬೆರಳೂ ಶಿವನಂಜಮ್ಮನ ಕಡೆಗೇ ತಿರುಗಿತು. ಅವಳು ದೇವರ ಮುಂದೆ ಆಣೆ ಮಾಡಿದರೂ ಯಾರೂ ನಂಬಲಿಲ್ಲ, ಅವಳ ಮನೆಯ ಹಾಲು ಕೊಳ್ಳುವುದನ್ನು ಮೂರು ಮನೆಯವರು ಬಿಟ್ಟರು. ಲಂಕೆಯವರೆಂದು ತಿಳಿದ ಮೇಲೆ ಛೀ ಎಂದವರೂ ಅವರೇ, ಹಿಡಿದುಕೊಟ್ಟವಳಿಗೆ ಛೀಮಾರಿ ಹಾಕಿದವರೂ ಅವರೇ. ನಮ್ಮ ಬೀದಿಯ ನಾಲಿಗೆಗೆ ಎರಡೂ ಕಡೆ ಹರಿತ. ಮಹದೇವಮ್ಮ ಇದನ್ನೂ ಕೇಳಿಕೊಂಡು ಸುಮ್ಮನಿದ್ದಳು. ಮೇಘನಾ ಟ್ರೇನಿಂಗಿಗೆ ಹೊರಟ ದಿನ ಮನೆಮನೆಗೂ ಮೈಸೂರುಪಾಕು ಹಂಚಿದಳು, ತಾನೊಂದು ಚೂರೂ ಬಾಯಿಗೆ ಹಾಕಲಿಲ್ಲ. ಸುಬ್ಬಯ್ಯ ಮೊದಲೂ ಮಾತಾಡುತ್ತಿರಲಿಲ್ಲ, ಆದರೆ ಊಟಕ್ಕೆ ಬಡಿಸುವಾಗ ಸಾಕು ಎನ್ನುತ್ತಿದ್ದ. ಅದನ್ನೂ ನಿಲ್ಲಿಸಿದ. ತಟ್ಟೆಗೆ ಕೈ ಅಡ್ಡ ಹಿಡಿಯುತ್ತಿದ್ದ, ಅಷ್ಟೇ. ಅವನು ಒಂದು ಮಾತು ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ ಎಂದು ಅವಳು ಆಮೇಲೆ ನನಗೆ ಹೇಳಿದಳು.

ಹೇಳಿದ್ದು ಬಸ್ಸಿನಲ್ಲಿ. ಕವಿತಳಿಗೆ ಹೆಣ್ಣು ಮಗು ಆಗಿದೆ ಎಂದು ದೇವರಾಜು ಫೋನು ಮಾಡಿದ ಮೇಲೆ ಮೂರು ತಿಂಗಳು ಹೋಗಲೋ ಬೇಡವೋ ಎಂದು ತೂಗಿ, ಕೊನೆಗೆ ನನ್ನನ್ನು ಜೊತೆ ಮಾಡಿಕೊಂಡು ಹೊರಟಳು. ತನಗೆ ತಮಿಳು ಓದಲು ಬರುವುದಿಲ್ಲ ಎಂಬುದು ನೆಪ. ಹನೂರು ದಾಟುವವರೆಗೆ ಎದುರು ಸೀಟಿನ ಕಂಬಿ ಹಿಡಿದೇ ಕೂತಿದ್ದಳು. ಆಮೇಲೆ ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದಳು. ನನಗೆ ಬಂದ ಸಿಟ್ಟು ಸಣ್ಣದಲ್ಲ. ಬಸ್ಸಿನಿಂದ ಇಳಿದುಬಿಡೋಣ ಎನ್ನಿಸಿತು. ಮೇಘನಾಗೆ ನೌಕರಿ ಬಂತು, ಶಿವನಂಜಮ್ಮನಿಗೆ ಕೆಟ್ಟ ಹೆಸರು ಬಂತು, ಆ ಹುಡುಗಿಗೆ ಏನು ಬಂತು ಎಂದು ಕೇಳಿದೆ. ಇವತ್ತು ಕವಿತಳ ಎದುರೇ ಹೇಳಿಬಿಡುತ್ತೇನೆ, ಆಮೇಲೆ ಅವಳು ಉಗಿದರೂ ಸರಿ ಎಂದಳು. ಬೆಟ್ಟ ಇಳಿದು ಪಾಲಾರ್ ದಾಟುವವರೆಗೂ ತುಟಿ ಅಲ್ಲಾಡಿಸುತ್ತಲೇ ಇದ್ದಳು. ಹೇಳಬೇಕಾದ ಮಾತನ್ನು ಕಲಿಯುತ್ತಿದ್ದಾಳೆ ಎಂದು ನನಗೆ ತಿಳಿಯಿತು.

ಕ್ಯಾಂಪ್ ಎಂದರೆ ಸಾಲು ಸಾಲು ಸಣ್ಣ ಮನೆಗಳು, ನಡುವೆ ಮಣ್ಣಿನ ಓಣಿ. ನಮ್ಮನ್ನು ದೂರದಲ್ಲೇ ಕಂಡ ಕವಿತ ಓಡಿಬಂದು ಮಹದೇವಮ್ಮನನ್ನು ಅಪ್ಪಿಕೊಂಡಳು. ಬಾಗಿಲ ಮುಂದೆ ಚಾಪೆ ಹಾಸಿ, ಮಗುವನ್ನು ತಂದು ಅವಳ ತೊಡೆಯ ಮೇಲೆಯೇ ಮಲಗಿಸಿದಳು. ಕೂಸು ದಿನ ತುಂಬುವ ಮೊದಲೇ ಹುಟ್ಟಿತ್ತು. ಬಸ್ಸಿನಿಂದ ಇಳಿದ ವಾರದಲ್ಲೇ ನೋವು ಬಂತಂತೆ, ಎಷ್ಟೋ ದಿನ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರಂತೆ. ಈಗಲೂ ಕೈಬೆರಳು ಕಡ್ಡಿ ಕಡ್ಡಿ. ದೇವರಾಜು ಇರಲಿಲ್ಲ, ಹೊರಗೆ ಇದ್ದ ತಪ್ಪಿಗೆ ಈಗ ವಾರಕ್ಕೊಮ್ಮೆ ಸಹಿ ಹಾಕಬೇಕಾದ ಸ್ಟೇಷನ್ನಿಗೆ ಹೋಗಿದ್ದ. ಹೊರಗಿನ ಕೆಲಸಕ್ಕೆ ಅವನಿಗೆ ಇನ್ನೂ ಅನುಮತಿ ಸಿಕ್ಕಿರಲಿಲ್ಲ. ಇದನ್ನೆಲ್ಲ ಕವಿತ ದೂರಿನ ದನಿಯಲ್ಲಿ ಹೇಳಲಿಲ್ಲ. ಅವಳು ದೂರಿದ್ದರೆ ನಮಗೆ ಸುಲಭವಾಗುತ್ತಿತ್ತು.

ಅವಳ ತಾಯಿ ಒಳಗಿನಿಂದ ಚಹಾ ತಂದಳು. ತಲೆ ಪೂರ್ತಿ ನೆರೆತ, ನೆಟ್ಟಗೆ ನಿಲ್ಲುವ ಹೆಂಗಸು. ಮಹದೇವಮ್ಮನ ಎದುರು ಕೂತು ತಮಿಳಿನಲ್ಲಿ ಹೊಗಳಲು ಶುರುಮಾಡಿದಳು. ದೋಣಿ ಇಳಿದಂದಿನಿಂದ ಅನ್ನ ಕೊಟ್ಟವರನ್ನು ಕಂಡಿದ್ದೇನೆ, ಬಟ್ಟೆ ಕೊಟ್ಟವರನ್ನು ಕಂಡಿದ್ದೇನೆ, ನನ್ನ ಮಗಳನ್ನು ಮಗಳು ಎಂದು ಕರೆದವಳು ನೀನೊಬ್ಬಳೇ ಎಂದಳು. ಮಹದೇವಮ್ಮ ಮಗುವಿನ ಪಾದ ಹಿಡಿದುಕೊಂಡು ತಲೆ ಬಗ್ಗಿಸಿದಳು. ಬಸ್ಸಿನಲ್ಲಿ ಕಲಿತ ಮಾತೆಲ್ಲ ಎಲ್ಲಿಗೋ ಹೋಗಿತ್ತು. ಹೇಳು, ಹೇಳು ಎಂದು ನಾನು ಕಣ್ಣಲ್ಲೇ ತಿವಿದೆ. ಅವಳು ನನ್ನ ಕಡೆ ನೋಡಲಿಲ್ಲ.

ಹೊಗಳಿಕೆ ಮುಗಿದು ಮುದುಕಿಯ ಮುಖ ಗಟ್ಟಿಯಾಯಿತು. ನನ್ನ ಮಗಳನ್ನು ಹಿಡಿದುಕೊಟ್ಟ ಪಾಪಿಯ ಹೆಸರು ಏನು ಎಂದು ಕೇಳಿದಳು. ಕವಿತ ಬೇಡವೆಂದರೂ ಬಿಡಲಿಲ್ಲ. ಕೊನೆಗೆ ಕವಿತ, ಎದುರು ಮನೆಯ ಶಿವನಂಜಮ್ಮ ಇರಬೇಕು ಎಂದಳು. ಮುದುಕಿ ಎದ್ದು ಓಣಿಗೆ ಇಳಿದು ಒಂದು ಹಿಡಿ ಮಣ್ಣು ಎತ್ತಿಕೊಂಡಳು. ಹೆಸರು ಹಿಡಿದು ಮಣ್ಣು ತೂರಿ ಶಾಪ ಹಾಕುವುದು ನಮ್ಮಲ್ಲೂ ಇದೆ, ಅದರ ಭಯ ನಮಗೆ ಹುಟ್ಟಿನಿಂದ ಬಂದದ್ದು. ಅವಳ ಮನೆ ಬೆಳಗದಿರಲಿ, ಅವಳ ಹೆಣ್ಣುಮಕ್ಕಳ ಮಡಿಲು ತುಂಬದಿರಲಿ ಎಂದು ಮುದುಕಿ ಶುರುಮಾಡಿ ಕೈ ಮೇಲೆತ್ತಿದಳು.

ಮಹದೇವಮ್ಮ ತೊಡೆಯ ಮೇಲಿದ್ದ ಮಗುವನ್ನು ಎತ್ತಿ ಕವಿತಳ ಕಡೆ ಚಾಚಿದಳು.

"ಕೂಸ್ನ ಈಸ್ಕೊ ಕವಿತ. ನನ್ ಮ್ಯಾಲೆ ಇರೋದ್ ಬ್ಯಾಡ. ಶಿವನಂಜಮ್ಮ ಅಲ್ಲ, ನಾನು."

ಮುದುಕಿಗೆ ಕನ್ನಡ ಬರುತ್ತಿರಲಿಲ್ಲ, ಆದರೆ ಅರ್ಥವಾಗದೆ ಹೋಗಲಿಲ್ಲ. ಎತ್ತಿದ ಕೈ ಹಾಗೇ ನಿಂತಿತು. ಶಾಪ ಬರಲಿ ಎಂದು ಮಹದೇವಮ್ಮ ಅವಳ ಕಡೆಗೆ ಮುಖ ಮಾಡಿ ಕಾಯುತ್ತಿದ್ದಳು. ಬೇಕಾಗಿದ್ದೂ ಅದೇ ಅವಳಿಗೆ. ಮುದುಕಿ ಅದನ್ನೂ ಕೊಡಲಿಲ್ಲ. ಮುಷ್ಟಿ ಬಿಚ್ಚಿ ಮಣ್ಣನ್ನು ಕಾಲ ಬಳಿಯೇ ಸುರಿದು, ಕೈಯನ್ನು ಸೀರೆಗೆ ಒರೆಸಿಕೊಂಡು ಒಳಗೆ ಹೋದಳು.

ಕವಿತ ಮಗುವನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ಒಂದು ಕಾರಣ ಸಿಗಬಹುದೇನೋ ಎಂಬ ಆಸೆ ಇತ್ತು.

"ಪೊಲೀಸ್‌ನವ್ರು ಹೆದರ್ಸಿ ಕೇಳಿದ್ರಾ ಅಮ್ಮ? ಇವ್ರು ಯಾವ ದೇಶ ಅಂತ ಕೇಳಿದ್ರಾ?"

ಹೌದು ಎಂದುಬಿಡು ಎಂದು ನಾನೇ ಮನಸ್ಸಿನಲ್ಲಿ ಬೇಡಿಕೊಂಡೆ. ಅಷ್ಟು ಹೊತ್ತು ಬೈದುಕೊಂಡು ಬಂದ ನಾನೇ.

"ಕೇಳ್ನಿಲ್ಲ ಕಣವ್ವ," ಎಂದಳು ಮಹದೇವಮ್ಮ. "ನೀನು ನನ್ ಮಗಳಾ ಅಂತ ಕೇಳುದ್ರು."

ಕವಿತ ಮಗುವಿನ ತಲೆಯ ಮೇಲೆ ಸೆರಗು ಹೊದಿಸಿ ಒಳಗೆ ಹೋದಳು. ನಾವು ಸ್ವಲ್ಪ ಹೊತ್ತು ಚಾಪೆಯ ಮೇಲೆಯೇ ಕೂತಿದ್ದೆವು. ಯಾರೂ ಹೊರಗೆ ಬರಲಿಲ್ಲ.